ಚಳಿ ನಮಗೆ, ಸಜೆ ನಾಯಿಗೆ

ಡಿಸೆಂಬರ್ ಕಾಲಿಟ್ಟರೆ ಸಾಕು, ನಾಯಿ ಸಾಕಿದ ಮನೆಗಳ ದಿನಚರಿ ಮೆಲ್ಲಗೆ ಬದಲಾಗುತ್ತದೆ. ಬೆಳಗಿನ ಐದೂವರೆಯ ವಾಕಿಂಗ್ ಏಳಕ್ಕೆ ಜಾರುತ್ತದೆ. ಏಳರದ್ದು ಆಫೀಸು, ಸ್ಕೂಲ್ ವ್ಯಾನಿನ ಗಡಿಬಿಡಿಯಲ್ಲಿ ತಪ್ಪಿಯೇ ಹೋಗುತ್ತದೆ. ಸಂಜೆಯ ಸುತ್ತು ಗೇಟಿನಾಚೆ ಎರಡು ಲೈಟು ಕಂಬ ದಾಟಿ ಹಿಂದಿರುಗುವುದಕ್ಕೆ ಇಳಿಯುತ್ತದೆ. ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರುತ್ತದೆ: ‘ಚಳಿ ಅಲ್ವಾ, ಪಾಪ, ಅದಕ್ಕೂ ಆಗಲ್ಲ.’ ಇದರಲ್ಲಿ ನಾಯಿಯ ಚಳಿ ಎಷ್ಟು, ನಮ್ಮ ಚಳಿ ಎಷ್ಟು ಎಂದು ಬಿಡಿಸಿ ನೋಡುವವರು ಕಡಿಮೆ. ಬಿಡಿಸಿ ನೋಡಿದರೆ ಚಳಿಗಾಲದಲ್ಲಿ ನಾಯಿಯನ್ನು ದಿನಕ್ಕೆ ಎಷ್ಟು ಸಲ ಹೊರಗೆ ಕರೆದೊಯ್ಯಬೇಕು ಎಂಬ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿರುವುದು ಕಾಣುತ್ತದೆ. ಎಷ್ಟು ಸಲ ಎಂಬುದು ಒಂದು, ಎಷ್ಟು ಹೊತ್ತು ಎಂಬುದು ಇನ್ನೊಂದು. ಮೊದಲನೆಯದನ್ನು ತೀರ್ಮಾನಿಸುವುದು ನಾಯಿಯ ಹೊಟ್ಟೆ, ಮೂತ್ರಕೋಶ ಮತ್ತು ಮನಸ್ಸು. ಎರಡನೆಯದರಲ್ಲಿ ಮಾತ್ರ ಹವೆಗೆ ಮಾತಾಡುವ ಹಕ್ಕಿದೆ. ಆದ್ದರಿಂದ ಚಳಿ ತೀರ ಕಡುವಾದಾಗ ಹೊತ್ತನ್ನು ಕಡಿಮೆ ಮಾಡಬಹುದು, ಸಲಗಳನ್ನು ಕಡಿಮೆ ಮಾಡುವಂತಿಲ್ಲ. ಕರ್ನಾಟಕದ ಮಟ್ಟಿಗಂತೂ ಹೊತ್ತು ಕಡಿಮೆ ಮಾಡುವ ಸಂದರ್ಭವೂ ಅಪರೂಪ. ನಮ್ಮ ಕಡೆ ನಾಯಿಯನ್ನು ಮನಸಾರೆ ನಡೆಸಲು ಸಿಗುವ ಒಳ್ಳೆಯ ಕಾಲವೇ ಮಾಗಿ.

ಸಲಗಳ ಲೆಕ್ಕ ಮೊದಲು ನೋಡೋಣ. ಆರೋಗ್ಯವಂತ ದೊಡ್ಡ ನಾಯಿ ದಿನಕ್ಕೆ ಮೂರರಿಂದ ಐದು ಸಲ ಮೂತ್ರ ಮಾಡುತ್ತದೆ. ಮರಿಗೆ ಇಷ್ಟು ತಡೆಯುವ ಶಕ್ತಿಯಿಲ್ಲ. ಎಷ್ಟು ತಿಂಗಳಾಗಿದೆಯೋ ಹೆಚ್ಚುಕಡಿಮೆ ಅಷ್ಟು ಗಂಟೆ ಮಾತ್ರ ತಡೆದೀತು ಎಂಬುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಅಂದಾಜು. ಉಂಡ ಮೇಲೆ, ನಿದ್ದೆ ಎದ್ದ ಮೇಲೆ, ಆಡಿದ ಮೇಲೆ ಅದಕ್ಕೆ ಹೊರಗೆ ಹೋಗಲೇಬೇಕು. ವಯಸ್ಸಾದ ನಾಯಿಯೂ ಮರಿಯ ಸಾಲಿಗೇ ಬರುತ್ತದೆ. ಈ ಯಾವ ಲೆಕ್ಕವೂ ಕ್ಯಾಲೆಂಡರ್ ನೋಡಿ ಬದಲಾಗುವುದಿಲ್ಲ. ಚಳಿಗೆ ಬಾಯಾರಿಕೆ ತಗ್ಗಿ ನಾಯಿ ಕಡಿಮೆ ನೀರು ಕುಡಿದರೆ ಮೂತ್ರ ಗಟ್ಟಿಯಾಗುತ್ತದೆ. ಅಂಥ ಮೂತ್ರವನ್ನು ಹತ್ತು ಹನ್ನೆರಡು ಗಂಟೆ ಕಟ್ಟಿಹಾಕುವುದು ಮೂತ್ರಕೋಶಕ್ಕೆ ಒಳ್ಳೆಯದಲ್ಲ. ಹೀಗಾಗಿ ದೊಡ್ಡ ನಾಯಿಗೆ ದಿನಕ್ಕೆ ಕನಿಷ್ಠ ಮೂರು ಸಲ ಹೊರಗಿನ ನೆಲ ಸಿಗಬೇಕು. ಅದರಲ್ಲಿ ಎರಡಾದರೂ ನಿಜವಾದ ನಡಿಗೆಯಾಗಿರಬೇಕು, ಮೂರನೆಯದು ಮಲಗುವ ಮುನ್ನದ ಐದು ನಿಮಿಷದ ಕೆಲಸವಾದರೂ ಆದೀತು.

ಇದನ್ನು ಕಾನೂನಿಗೇ ಇಳಿಸಿದ ದೇಶಗಳ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ವೀಡನ್ನಿನಲ್ಲಿ ಮನೆಯೊಳಗೆ ಸಾಕುವ ನಾಯಿಯನ್ನು ಹಗಲಿನಲ್ಲಿ ಆರು ಗಂಟೆಗೊಮ್ಮೆಯಾದರೂ ಹೊರಗೆ ಬಿಡಬೇಕೆಂಬ ನಿಯಮವಿದೆ. ಮರಿಗಳಿಗೂ ಮುದಿ ನಾಯಿಗಳಿಗೂ ಇನ್ನೂ ಬೇಗ ಬೇಗ. ಡಿಸೆಂಬರ್ ಕೊನೆಗೆ ಸ್ಟಾಕ್‌ಹೋಮ್‌ನಲ್ಲಿ ಹಗಲೇ ಸುಮಾರು ಆರು ಗಂಟೆ. ಉಷ್ಣಾಂಶ ಸೊನ್ನೆಯ ಕೆಳಗೆ ಇಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. ಆದರೂ ಚಳಿಗಾಲಕ್ಕೆಂದು ಆ ಆರನ್ನು ಎಂಟು ಮಾಡಿಕೊಳ್ಳುವ ಅವಕಾಶ ಕೊಟ್ಟಿಲ್ಲ. ಜರ್ಮನಿಯ ಕಥೆ ಇನ್ನೂ ಸ್ವಾರಸ್ಯದ್ದು. 2020ರ ಆಗಸ್ಟ್‌ನಲ್ಲಿ ಅಲ್ಲಿನ ಕೃಷಿ ಸಚಿವೆಯಾಗಿದ್ದ ಯೂಲಿಯಾ ಕ್ಲೋಕ್ನರ್, ಪ್ರತಿ ನಾಯಿಗೂ ದಿನಕ್ಕೆ ಎರಡು ಸಲ, ಒಟ್ಟು ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಬಯಲಿನಲ್ಲಿ ಓಡಾಟ ಸಿಗಬೇಕೆಂಬ ಕರಡು ನಿಯಮ ತಂದರು. ದೇಶದ ತುಂಬ ಗಲಾಟೆಯಾಯಿತು. ಮುದಿ ಡ್ಯಾಶ್‌ಹಂಡ್‌ಗೂ ಎಳೆಯ ಕುರಿನಾಯಿಗೂ ಒಂದೇ ಗಡಿಯಾರವೇ ಎಂದು ಜನ ಕೇಳಿದರು. ನಿಯಮ 2022ರ ಜನವರಿ 1ರಿಂದ ಜಾರಿಗೆ ಬರುವ ಹೊತ್ತಿಗೆ ಆ ಅಂಕಿಗಳು ಮಾಯವಾಗಿದ್ದವು. ನಾಯಿಯ ತಳಿ, ವಯಸ್ಸು, ಆರೋಗ್ಯಕ್ಕೆ ಹೊಂದುವಷ್ಟು ಓಡಾಟ ಬಯಲಿನಲ್ಲಿ ಸಿಗಬೇಕು ಎಂಬ ಮಾತು ಉಳಿಯಿತು. ಜರ್ಮನರು ಅಂಕಿ ಬಿಟ್ಟುಕೊಟ್ಟದ್ದನ್ನು ಸೋಲು ಎಂದು ನಕ್ಕವರಿದ್ದಾರೆ. ನನಗೆ ಅದು ವಿವೇಕವಾಗಿ ಕಾಣುತ್ತದೆ. ಅವರು ನಾಯಿಯನ್ನು ನೋಡಿ ಹೊತ್ತು ತೀರ್ಮಾನಿಸಿ ಎಂದರೇ ಹೊರತು ಋತು ನೋಡಿ ಎನ್ನಲಿಲ್ಲ.

ಇನ್ನು ಚಳಿಯ ವಿಚಾರ. ನಾಯಿಯ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಅಂದರೆ ನಮಗಿಂತ ಒಂದೆರಡು ಡಿಗ್ರಿ ಹೆಚ್ಚು. ಜ್ವರವಿಲ್ಲದ ನಾಯಿಯನ್ನು ಮುಟ್ಟಿದಾಗಲೂ ಬೆಚ್ಚಗೆ ಅನ್ನಿಸುವುದು ಅದಕ್ಕೇ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್‌ಗಳಂಥ ನಾಯಿಗಳಿಗೆ ಎರಡು ಪದರದ ಕೂದಲಿದೆ. ಮೇಲಿನದು ಒರಟು, ಒಳಗಿನದು ಹತ್ತಿಯಂತೆ ಮೃದು. ಗಾಳಿ ಹಿಡಿದಿಟ್ಟು ಮೈಯ ಬಿಸಿ ಹೊರಹೋಗದಂತೆ ನೋಡಿಕೊಳ್ಳುವುದು ಈ ಒಳಪದರವೇ. ಬರಿಗಾಲಲ್ಲಿ ಹಿಮದ ಮೇಲೆ ನಡೆದರೂ ನಾಯಿಯ ಅಂಗಾಲು ಏಕೆ ಹೆಪ್ಪುಗಟ್ಟುವುದಿಲ್ಲ ಎಂಬುದಕ್ಕೂ ವಿವರಣೆಯಿದೆ. ಜಪಾನಿನ ಹಿರೊಯೋಷಿ ನಿನೊಮಿಯಾ ಮತ್ತು ಸಂಗಡಿಗರು ನಾಯಿಯ ಅಂಗಾಲಿನ ಮೆತ್ತೆಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ, ಬಿಸಿ ರಕ್ತ ತರುವ ಧಮನಿಗಳನ್ನು ತಣ್ಣಗಿನ ರಕ್ತ ಹಿಂದಕ್ಕೊಯ್ಯುವ ಸಿರೆಗಳು ಬಲೆಯಂತೆ ಸುತ್ತಿಕೊಂಡಿರುವುದು ಕಂಡಿತು. ಬರುವ ರಕ್ತದ ಬಿಸಿ ಹೋಗುವ ರಕ್ತಕ್ಕೆ ಅಲ್ಲೇ ದಾಟುತ್ತದೆ. ಹಾಗಾಗಿ ಅಂಗಾಲಿನ ತಂಪು ಮೈಯೊಳಗೆ ಹೋಗುವುದಿಲ್ಲ. ಪೆಂಗ್ವಿನ್ ಕಾಲಿನಲ್ಲಿರುವ ವ್ಯವಸ್ಥೆಯೂ ಇದೇ ಬಗೆಯದು. ನಮ್ಮ ಸೋಫಾದ ಮೇಲೆ ಮುದುರಿಕೊಂಡ ಪ್ರಾಣಿಯ ಕಾಲಿನಲ್ಲಿ ಇಷ್ಟು ಏರ್ಪಾಡಿದೆಯೆಂದು ಯಾರಿಗೆ ತಿಳಿದೀತು!

ಹಾಗೆಂದು ಚಳಿ ನಾಯಿಗೆ ತಟ್ಟುವುದೇ ಇಲ್ಲ ಎಂದಲ್ಲ. ಶೀತದೇಶಗಳ ಪಶುವೈದ್ಯರು ಬಳಸುವ ಒಂದು ಸ್ಥೂಲ ಅಳತೆಯಿದೆ. ಹೊರಗೆ ಸುಮಾರು 7 ಡಿಗ್ರಿಗಿಂತ ಹೆಚ್ಚಿದ್ದರೆ ಬಹುತೇಕ ನಾಯಿಗಳಿಗೆ ತೊಂದರೆಯಿಲ್ಲ. ಅದಕ್ಕಿಂತ ಇಳಿದರೆ ಕೂದಲು ಕಡಿಮೆಯಿರುವ ತಳಿಗಳಿಗೆ ಇರುಸುಮುರುಸು ಶುರು. ಸೊನ್ನೆ ಮುಟ್ಟಿದರೆ ಸಣ್ಣ ನಾಯಿ, ಮರಿ, ಮುದಿ ನಾಯಿಗಳ ಬಗ್ಗೆ ಎಚ್ಚರ ಬೇಕು. ಸೊನ್ನೆಯ ಕೆಳಗೆ ಆರೇಳು ಡಿಗ್ರಿಯಾದರೆ ಯಾವ ನಾಯಿಯನ್ನಾದರೂ ಗಮನಿಸುತ್ತಲೇ ಇರಬೇಕು. ಈ ಅಳತೆಗೋಲಿನ ಪಕ್ಕ ನಮ್ಮೂರಿನ ಅಂಕಿ ಇಟ್ಟು ನೋಡಿ. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ ಬರೆದುಕೊಂಡದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಅಂದರೆ ದಾಖಲೆಯ ಅತಿ ಚಳಿಯ ದಿನವೂ ನಗರ ಆ ಮೊದಲ ಎಚ್ಚರಿಕೆಯ ಗೆರೆಯನ್ನು ದಾಟಲಿಲ್ಲ. ಈಗಿನ ಜನವರಿಯ ಬೆಳಗಿನಲ್ಲಿ ನಾವು ಮಫ್ಲರ್ ಸುತ್ತಿಕೊಂಡು ‘ಏನ್ ಚಳಿ ಮಾರಾಯ್ರೆ’ ಎನ್ನುವುದು ಸಾಮಾನ್ಯವಾಗಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿಗಳು ಹತ್ತರ ಕೆಳಗೆ ಇಳಿಯುತ್ತವೆ, ನಿಜ. ಅಲ್ಲಿಯೂ ಬಿಸಿಲೇರುತ್ತಿದ್ದಂತೆ, ಎಂಟು ಒಂಬತ್ತರ ಹೊತ್ತಿಗೆ, ಬಯಲು ಹಿತವಾಗಿಬಿಡುತ್ತದೆ. ಚಳಿಯ ಕಾರಣಕ್ಕೆ ಒಂದು ಸಲವನ್ನು ಪೂರ್ತಿ ರದ್ದು ಮಾಡಬೇಕಾದ ದಿನ ಕರ್ನಾಟಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ತಳಿಯ ವ್ಯತ್ಯಾಸ ಇಲ್ಲಿ ಗಟ್ಟಿಯಾದ ವಿಷಯ. ಮುಧೋಳ ನಾಯಿಯನ್ನೇ ತೆಗೆದುಕೊಳ್ಳಿ. ಬಾಗಲಕೋಟೆಯ ಒಣ ಸೀಮೆಯಲ್ಲಿ ಮೊಲ ಅಟ್ಟಿಸಿ ಬೆಳೆದ ಈ ಬೇಟೆನಾಯಿಗೆ ಮೈಗಂಟಿದ ಗಿಡ್ಡ ಕೂದಲು, ಎದೆಗೂಡು ಎಣಿಸುವಂಥ ಮೈಕಟ್ಟು, ಚರ್ಮದಡಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಓಡುವಾಗ ಇದಕ್ಕೆ ಚಳಿಯೇ ಗೊತ್ತಾಗುವುದಿಲ್ಲ, ನಿಂತರೆ ನಡುಗುತ್ತದೆ. 2016ರಲ್ಲಿ ಭಾರತೀಯ ಸೇನೆ ಮುಧೋಳದ ಮರಿಗಳನ್ನು ತರಬೇತಿಗೆಂದು ಕರೆದೊಯ್ದದ್ದು ಮೀರತ್‌ಗೆ. ಅಲ್ಲಿನ ಜನವರಿಯ ಮುಂದೆ ನಮ್ಮ ಬಾಗಲಕೋಟೆಯ ಜನವರಿ ಏನೂ ಅಲ್ಲ. ತೆಳುಗೂದಲು ಎಂದ ಮಾತ್ರಕ್ಕೆ ಚಳಿಗಾಲದಲ್ಲಿ ಕಟ್ಟಿಹಾಕಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು. ಇಂಥ ನಾಯಿಗೆ ಬೇಕಾದದ್ದು ಚುರುಕು ನಡಿಗೆ, ಓಟ. ಮೂಲೆಯ ಟೀ ಅಂಗಡಿ ಮುಂದೆ ನಾವು ಹರಟುತ್ತ ನಿಂತಿರುವಷ್ಟು ಹೊತ್ತು ತಣ್ಣನೆಯ ಕಲ್ಲಿನ ಮೇಲೆ ಕೂರಿಸುವುದು ಮಾತ್ರ ಬೇಡ. ಡ್ಯಾಶ್‌ಹಂಡ್, ಡಾಬರ್‌ಮನ್, ಬೀಗಲ್, ಮಿನಿಯೇಚರ್ ಪಿನ್ಷರ್‌ಗಳಿಗೂ ಈ ಮಾತು ಸಲ್ಲುತ್ತದೆ. ಮುಂಜಾನೆಯ ಸುತ್ತಿಗೆ ಇವಕ್ಕೊಂದು ಸ್ವೆಟರ್ ಹಾಕಿದರೆ ನಗುವವರು ನಗಲಿ, ಅದು ಶೋಕಿಯಲ್ಲ. ಆದರೆ ಬೆಂಗಳೂರಿನಲ್ಲಿ ಸೈಬೀರಿಯನ್ ಹಸ್ಕಿಗೂ ಉಣ್ಣೆಯ ಸ್ವೆಟರ್ ತೊಡಿಸಿ ಫೋಟೋ ತೆಗೆಯುವವರಿದ್ದಾರೆ. ಸೊನ್ನೆಯ ಕೆಳಗೆ ಎಷ್ಟೋ ಡಿಗ್ರಿಯಲ್ಲಿ ಹಾಯಾಗಿ ಹಿಮದ ಮೇಲೆ ಮಲಗುವ ಪ್ರಾಣಿಗೆ ಹದಿನೈದು ಡಿಗ್ರಿಯೇ ಸೆಖೆ. ವರ್ಷದಲ್ಲಿ ಸಿಗುವ ಎರಡು ತಿಂಗಳ ಬಿಡುಗಡೆಯನ್ನೂ ಉಣ್ಣೆ ಸುತ್ತಿ ಕಸಿಯುವುದನ್ನು ಪ್ರೀತಿ ಎನ್ನಲು ನಾಲಿಗೆ ಹೊರಳುವುದಿಲ್ಲ. ಇನ್ನೊಂದು ಮಾತು: ತಳಿ ಯಾವುದೇ ಇರಲಿ, ಸ್ನಾನ ಮಾಡಿಸಿ ಒದ್ದೆ ಮೈಯಲ್ಲಿ ಹೊರಗೆ ಕರೆದೊಯ್ಯಬಾರದು. ಒದ್ದೆಯಾದ ಕೂದಲು ಗಾಳಿ ಹಿಡಿಯದು, ಬಿಸಿ ಉಳಿಸದು.

ನಮ್ಮ ಹವೆಯಲ್ಲಿ ನಾಯಿಯ ನಿಜವಾದ ವೈರಿ ಚಳಿಯಲ್ಲ, ಬಿಸಿಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲ. ಅಂಗಾಲಿನ ಅಲ್ಪ ಬೆವರು, ತೇಕು ಹಾಕುತ್ತ ನಾಲಿಗೆಯಿಂದ ಆವಿಯಾಗುವ ತೇವ, ಇಷ್ಟೇ ಅದರ ತಂಪುಯಂತ್ರ. ಬ್ರಿಟನ್ನಿನ ಪಶು ಆಸ್ಪತ್ರೆಗಳ ದಾಖಲೆ ಜಾಲಾಡಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶಾಖಾಘಾತಕ್ಕೆ ತುತ್ತಾದ ನಾಯಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವ್ಯಾಯಾಮದಿಂದಲೇ ಆ ಸ್ಥಿತಿಗೆ ಬಂದಿದ್ದವು ಎಂದು ತೋರಿಸಿತು. ಮುಚ್ಚಿದ ಕಾರಿನಲ್ಲಿ ಸಿಕ್ಕಿಬಿದ್ದ ನಾಯಿಗಳಿಗಿಂತ ಸೆಖೆಯಲ್ಲಿ ಓಡಿಸಿದ ನಾಯಿಗಳ ಸಂಖ್ಯೆಯೇ ಬಹಳ ಹೆಚ್ಚು. ಇದು ಬ್ರಿಟನ್ನಿನ ಎಳೆಬಿಸಿಲಿನ ಕಥೆ. ಏಪ್ರಿಲ್‌ನಲ್ಲಿ ನಲವತ್ತು ದಾಟುವ ಕಲಬುರಗಿ, ರಾಯಚೂರಿನಲ್ಲಿ ಪರಿಸ್ಥಿತಿ ಹೇಗಿರಬಹುದೆಂದು ಊಹಿಸಿಕೊಳ್ಳಬಹುದು. ಪಗ್, ಶಿಟ್ಜು, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟವೇ ಕಷ್ಟ. ಬೇಸಿಗೆಯಲ್ಲಿ ಅವನ್ನು ಹತ್ತು ನಿಮಿಷ ನಡೆಸಲೂ ಯೋಚಿಸಬೇಕು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನಲ್ಲಿ ಹೊರಗೆ ಕಾಲಿಡಲಾಗದ ವಾರಗಳೇ ಇರುತ್ತವೆ. ಹೀಗೆ ಕಳೆದು ಕಳೆದು ಉಳಿಯುವುದು ನವೆಂಬರ್‌ನಿಂದ ಫೆಬ್ರವರಿವರೆಗಿನ ನಾಲ್ಕು ತಿಂಗಳು. ನಾಯಿ ಸುಸ್ತಾಗದೆ, ತೇಕದೆ, ಅಂಗಾಲು ಸುಟ್ಟುಕೊಳ್ಳದೆ ಗಂಟೆಗಟ್ಟಲೆ ನಡೆಯಬಲ್ಲ ಈ ನಾಲ್ಕು ತಿಂಗಳಲ್ಲೇ ನಾವು ವಾಕಿಂಗ್ ಕಡಿತ ಮಾಡುತ್ತೇವೆ. ಶೀತದೇಶದವರ ಪುಸ್ತಕದಲ್ಲಿ ‘ಚಳಿಗಾಲದಲ್ಲಿ ಜೋಪಾನ’ ಎಂದು ಓದಿದ್ದನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದರೆ ಆಗುವ ಎಡವಟ್ಟು ಇದು.

‘ನಮ್ಮದು ದೊಡ್ಡ ಕಾಂಪೌಂಡು, ನಾಯಿ ಅಲ್ಲೇ ಓಡಾಡಿಕೊಂಡಿರುತ್ತದೆ’ ಎನ್ನುವವರಿದ್ದಾರೆ. ಊರುಕಡೆಯ ಮನೆಗಳಲ್ಲಿ ಇದು ನ್ಯಾಯವಾಗಿಯೇ ಕೇಳಿಸುತ್ತದೆ. ಅಪಾರ್ಟ್‌ಮೆಂಟಿನವರು ಇದೇ ಮಾತನ್ನು ಟೆರೇಸಿನ ಬಗ್ಗೆ ಹೇಳುತ್ತಾರೆ. ಮೂತ್ರದ ಮಟ್ಟಿಗೆ, ಕೈಕಾಲು ಆಡಿಸುವ ಮಟ್ಟಿಗೆ ಇದನ್ನು ಒಪ್ಪೋಣ. ಆದರೆ ನಾಯಿ ಹೊರಗೆ ಹೋಗುವುದು ಕಾಲಿಗಾಗಿ ಎಷ್ಟೋ ಮೂಗಿಗಾಗಿಯೂ ಅಷ್ಟೇ. ನಿನ್ನೆ ರಾತ್ರಿ ಈ ಕಂಬದ ಬುಡಕ್ಕೆ ಯಾರು ಬಂದಿದ್ದರು, ಗಂಡೋ ಹೆಣ್ಣೋ, ಬೆದೆಯಲ್ಲಿತ್ತೋ, ಹೆದರಿತ್ತೋ, ಇದೆಲ್ಲವನ್ನೂ ಅದು ಮೂಸಿ ತಿಳಿಯುತ್ತದೆ. ನಾಯಿಯ ಘ್ರಾಣಶಕ್ತಿಯನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿರುವ ಅಲೆಕ್ಸಾಂಡ್ರಾ ಹೊರೊವಿಟ್ಜ್ ಮತ್ತು ಅವರ ಸಹೋದ್ಯೋಗಿ ಶಾರ್ಲಟ್ ಡ್ಯುರಾಂಟನ್ 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೆಲವು ಸಾಕುನಾಯಿಗಳಿಗೆ ಎರಡು ವಾರ ಮೂಸಿ ಹುಡುಕುವ ಕೆಲಸ ಕೊಟ್ಟರು. ಇನ್ನು ಕೆಲವಕ್ಕೆ ಯಜಮಾನರ ಪಕ್ಕದಲ್ಲಿ ಶಿಸ್ತಾಗಿ ನಡೆಯುವ ಅಭ್ಯಾಸ ಮಾಡಿಸಿದರು. ಆ ಬಳಿಕ ತಿಂಡಿ ಇದೆಯೋ ಇಲ್ಲವೋ ಎಂದು ಖಾತ್ರಿಯಿಲ್ಲದ ಬಟ್ಟಲೊಂದನ್ನು ಮುಂದಿಟ್ಟಾಗ, ಮೂಸಿ ಕಳೆದ ಗುಂಪಿನವು ಮೊದಲಿಗಿಂತ ಬೇಗ, ಇದ್ದೇ ಇರುತ್ತದೆಂಬ ಭರವಸೆಯಿಂದ ಹೋದವು. ಶಿಸ್ತಿನ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಮೂಗಿಗೆ ಕೆಲಸ ಸಿಕ್ಕ ನಾಯಿಯ ಮನಸ್ಸು ಹಗುರಾಗುತ್ತದೆ ಎಂದಾಯಿತು. ದಿನಾ ಅದೇ ಕಾಂಪೌಂಡು, ಅದೇ ತುಳಸಿಕಟ್ಟೆ, ಅದೇ ನೀರಿನ ಟ್ಯಾಂಕು: ಇವುಗಳಲ್ಲಿ ಮೂಸಲು ಹೊಸದೇನೂ ಉಳಿದಿರುವುದಿಲ್ಲ. ಚಳಿಗೆ ಹೊತ್ತು ಕಡಿಮೆ ಮಾಡಲೇಬೇಕಾದಾಗಲೂ ಈ ಅಧ್ಯಯನ ದಾರಿ ತೋರಿಸುತ್ತದೆ. ಹದಿನೈದೇ ನಿಮಿಷ ಹೋಗಿ, ಆದರೆ ಆ ಹದಿನೈದು ನಿಮಿಷ ಚೈನು ಎಳೆಯಬೇಡಿ, ಮೂಸಲು ಬಿಡಿ.

ಚಳಿಗೆ ಹೊರಗೆ ಹೋದರೆ ನಾಯಿಗೆ ಕೆಮ್ಮು, ನೆಗಡಿ ಬರುತ್ತದೆ ಎಂಬ ಭಯ ಹಿರಿಯರಲ್ಲಿ ಹೆಚ್ಚು. ಕೆನಲ್ ಕಾಫ್ ಎಂದು ಕರೆಯುವ ಒಣಕೆಮ್ಮು ಬರುವುದು ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಮತ್ತು ಕೆಲವು ವೈರಸ್‌ಗಳಿಂದ. ಹರಡುವುದು ನಾಯಿಗಳು ಒತ್ತಾಗಿ ಇರುವ ಕಡೆ, ಗಾಳಿಯಾಡದ ಕೋಣೆಗಳಲ್ಲಿ. ಕ್ರಿಸ್‌ಮಸ್ ರಜೆಗೆ ನಾವು ಪ್ರವಾಸ ಹೊರಟು ನಾಯಿಯನ್ನು ಬಿಟ್ಟುಹೋಗುವ ಬೋರ್ಡಿಂಗ್‌ಗಳಲ್ಲಿ ಅದಕ್ಕೆ ಅವಕಾಶ ಹೆಚ್ಚು, ತೆರೆದ ರಸ್ತೆಯ ನಡಿಗೆಯಲ್ಲಿ ಕಡಿಮೆ. ಲಸಿಕೆ ಪೂರ್ತಿಯಾಗದ ಮರಿಯನ್ನು ಬೀದಿಗೆ ಇಳಿಸಬಾರದು ಎಂಬ ಎಚ್ಚರಿಕೆ ಸರಿ, ಆದರೆ ಅದು ಜೂನ್‌ನಲ್ಲೂ ಅಷ್ಟೇ ಸರಿ.

ಮುದಿ ನಾಯಿಯ ವಿಚಾರದಲ್ಲಿ ಆಕ್ಷೇಪಕ್ಕೆ ತೂಕವಿದೆ. ಕೀಲುನೋವಿರುವ ನಾಯಿ ಚಳಿಗಾಲದ ಬೆಳಗ್ಗೆ ಏಳಲು ಒದ್ದಾಡುತ್ತದೆ, ಮೆಟ್ಟಿಲ ಮುಂದೆ ನಿಂತು ನಮ್ಮ ಮುಖ ನೋಡುತ್ತದೆ. ಅದನ್ನು ಕಂಡವರಿಗೆ ಬಿಟ್ಟುಬಿಡೋಣ ಅನ್ನಿಸುವುದು ಸಹಜ. ಆದರೆ ಮಲಗಿದಷ್ಟೂ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ, ತೂಕ ಏರುತ್ತದೆ. ಏರಿದ ತೂಕ ಮತ್ತೆ ಕೀಲಿನ ಮೇಲೆಯೇ ಬೀಳುತ್ತದೆ. ಇಲ್ಲಿ ಸಲಗಳನ್ನು ಹೆಚ್ಚಿಸಿ ಹೊತ್ತನ್ನು ಕಡಿಮೆ ಮಾಡುವುದೇ ಮದ್ದು. ಮುಕ್ಕಾಲು ಗಂಟೆಯ ಒಂದು ಸುತ್ತಿನ ಬದಲು ಹತ್ತು ಹನ್ನೆರಡು ನಿಮಿಷದ ನಾಲ್ಕು ಸುತ್ತು, ಅದೂ ಬಿಸಿಲು ಬಿದ್ದ ಮೇಲೆ. ತೂಕದ ಮಾತು ಬಂದಾಗ ಲ್ಯಾಬ್ರಡಾರ್‌ಗಳ ಮೇಲೆ ನಡೆದ ಆ ದೀರ್ಘ ಅಧ್ಯಯನವನ್ನು ನೆನೆಯಲೇಬೇಕು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಡುತ್ತ ಜೀವಮಾನವಿಡೀ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೆಳ್ಳಗಿದ್ದವು ಸುಮಾರು 13 ವರ್ಷ ಬಾಳಿದವು, ತುಂಬ ತಿಂದವು 11 ವರ್ಷ ಚಿಲ್ಲರೆ. ಕೀಲುನೋವಿಗೆ ಔಷಧಿ ಬೇಕಾಗುವ ಕಾಲವೂ ತೆಳ್ಳನೆಯವಕ್ಕೆ ತಡವಾಗಿ ಬಂತು. ಇದು ಊಟದ ಅಧ್ಯಯನ, ನಡಿಗೆಯದ್ದಲ್ಲ ಎಂಬುದು ನಿಜ. ಆದರೆ ಮಾಗಿಯಲ್ಲಿ ನಡೆಯುವುದು ಎರಡೂ ಕಡೆಯ ತಪ್ಪು. ನಡಿಗೆ ಕಡಿಮೆಯಾಗುತ್ತದೆ, ‘ಚಳಿಗೆ ಹಸಿವು ಜಾಸ್ತಿ’ ಎಂದು ಅನ್ನಕ್ಕೆ ತುಪ್ಪ ಬೀಳುತ್ತದೆ, ಸಂಕ್ರಾಂತಿಯ ಎಳ್ಳುಬೆಲ್ಲದಲ್ಲೂ ಅದಕ್ಕೊಂದು ಪಾಲು ಸಿಗುತ್ತದೆ. ಹಿಮದಲ್ಲಿ ದಿನವಿಡೀ ಬಂಡಿ ಎಳೆಯುವ ನಾಯಿಗೆ ಹೆಚ್ಚಿನ ಊಟ ಬೇಕು. ರಜಾಯಿಯ ಮೇಲೆ ಮಲಗಿದ ಮೈಸೂರಿನ ಲ್ಯಾಬ್‌ಗೆ ಬೇಡ.

ಬೀದಿನಾಯಿಗಳನ್ನು ಯಾರು ವಾಕಿಂಗ್ ಕರೆದೊಯ್ಯುತ್ತಾರೆ, ಅವು ಗಟ್ಟಿಮುಟ್ಟಾಗಿಲ್ಲವೇ ಎಂದು ಕೇಳುವವರೂ ಇದ್ದಾರೆ. ಕುಹಕವಾಗಿ ಕೇಳಿದರೂ ಪ್ರಶ್ನೆ ಒಳ್ಳೆಯದು. ಬೀದಿನಾಯಿ ತನ್ನ ವೇಳಾಪಟ್ಟಿಯನ್ನು ತಾನೇ ಬರೆದುಕೊಳ್ಳುತ್ತದೆ. ಮಾಗಿಯ ರಾತ್ರಿ ಮರಳು ರಾಶಿಯಲ್ಲೋ ಆರಿದ ಬೂದಿಯಲ್ಲೋ ಗುಂಡಿ ತೋಡಿ ಮುದುರಿ ಮಲಗುತ್ತದೆ, ನಿಲ್ಲಿಸಿದ ಕಾರಿನ ಬೆಚ್ಚಗಿನ ಎಂಜಿನ್ ಕೆಳಗೂ ಸೇರಿಕೊಳ್ಳುತ್ತದೆ (ಬೆಳಗ್ಗೆ ಗಾಡಿ ತೆಗೆಯುವ ಮುನ್ನ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು). ಬಿಸಿಲೇರಿದ ಮೇಲೆ ರಸ್ತೆ ಮಧ್ಯೆ ಮೈಚಾಚಿ ಕಾಯಿಸಿಕೊಳ್ಳುತ್ತದೆ. ಆಮೇಲೆ ಎದ್ದು ತನ್ನ ಎಲ್ಲೆಯನ್ನು ಸುತ್ತಿ ಬರುತ್ತದೆ, ಸಂಜೆ ಮತ್ತೆ ಸುತ್ತುತ್ತದೆ. ಚಳಿಯೆಂದು ಅದು ಸುತ್ತುವುದನ್ನು ನಿಲ್ಲಿಸಿಲ್ಲ, ಹೊತ್ತನ್ನು ಮಾತ್ರ ಬದಲಿಸಿಕೊಂಡಿದೆ. ಸಾಕುನಾಯಿಗೆ ಈ ಸ್ವಾತಂತ್ರ್ಯ ಇಲ್ಲ. ಗೇಟಿನ ಚಿಲಕ ನಮ್ಮ ಕೈಯಲ್ಲಿದೆ. ಬೀದಿನಾಯಿಯ ಉದಾಹರಣೆ ಆಕ್ಷೇಪಕ್ಕೆ ಬಲ ಕೊಡುವುದರ ಬದಲು ಅದನ್ನೇ ಉರುಳಿಸುತ್ತದೆ.

ಹೊತ್ತು ಬದಲಿಸುವುದಕ್ಕೆ ನಮ್ಮಲ್ಲಿ ಚಳಿಗಿಂತ ಗಟ್ಟಿಯಾದ ಕಾರಣಗಳಿವೆ. ಬೆಂಗಳೂರಿನಲ್ಲಿ ಬೇಸಿಗೆಯ ಅತಿ ದೊಡ್ಡ ಹಗಲಿಗೂ ಡಿಸೆಂಬರ್‌ನ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ಕತ್ತಲಾಗುತ್ತದೆ ಎಂಬ ನೆಪ ಇಲ್ಲಿ ಬಹಳ ದೂರ ನಡೆಯದು. ಆದರೆ ಇರುವ ಕತ್ತಲನ್ನೂ ಹಗುರವಾಗಿ ತೆಗೆದುಕೊಳ್ಳಬಾರದ ಊರುಗಳಿವೆ. ತುಮಕೂರು, ಮೈಸೂರು, ರಾಮನಗರದ ಕಡೆ, ಬೆಂಗಳೂರಿನ ಅಂಚಿನಲ್ಲಿಯೂ ಚಿರತೆಗಳು ಓಡಾಡುತ್ತವೆ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಗದ್ದೆಗಳ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಚಿರತೆಯ ಆಹಾರದ ತೂಕದಲ್ಲಿ ಸುಮಾರು ಶೇ 39 ಪಾಲು ನಾಯಿಯದೇ ಆಗಿತ್ತು. ಇಂಥ ಕಡೆ ಬೆಳಗಿನ ಐದರ ಮಂಜಿನಲ್ಲಿ ನಾಯಿ ಹಿಡಿದು ಹೊರಡುವ ಬದಲು ಏಳರ ಬೆಳಕಿನಲ್ಲಿ ಹೊರಡುವುದು ಜಾಣತನ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನವರಿಗೆ ಇನ್ನೊಂದು ಎಚ್ಚರಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ, ಅದರ ಕಾಲ ಶುರುವಾಗುವುದೂ ಈ ಚಳಿಗಾಲದಲ್ಲೇ. ಕಾಡಿನೊಳಗೆ ತರಗೆಲೆ ಕೆದರಿ ಬಂದ ನಾಯಿ ಮೈಮೇಲೆ ಉಣುಗು ಹೊತ್ತು ಮನೆಗೆ ಬಂದೀತು. ಡಾಂಬರು ರಸ್ತೆಯಲ್ಲೇ ನಡೆಸಿ, ಮನೆಗೆ ಬಂದೊಡನೆ ಕಿವಿಯ ಒಳಗೆ, ಕಂಕುಳಲ್ಲಿ, ಬೆರಳ ಸಂದಿನಲ್ಲಿ ಹುಡುಕಬೇಕು. ನಗರಗಳಲ್ಲಿ ಚಳಿಗಾಲದ ಬೆಳಗಿನ ತಣ್ಣನೆಯ ಗಾಳಿ ನೆಲಕ್ಕಂಟಿ ನಿಂತು ಹೊಗೆಯನ್ನೂ ಹಿಡಿದಿಟ್ಟಿರುತ್ತದೆ. ದೆಹಲಿಯಲ್ಲಿರುವ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಥ ದಿನಗಳಲ್ಲಿ ದೊಡ್ಡ ಸುತ್ತನ್ನು ಮಧ್ಯಾಹ್ನಕ್ಕೆ ಸರಿಸಿ, ಬೆಳಗಿನದನ್ನು ಅಗತ್ಯದ ಕೆಲಸಕ್ಕಷ್ಟೇ ಮುಗಿಸಬಹುದು.

ಷಿಕಾಗೋ, ಮಿನಿಯಾಪೊಲಿಸ್, ಟೊರೊಂಟೊದಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಚಳಿಯೆಂದರೆ ಬೇರೆಯೇ ವಸ್ತು. ಅಲ್ಲಿ ಗಾಳಿ ಬೀಸುತ್ತಿದ್ದರೆ, ಸೊನ್ನೆಯ ಕೆಳಗೆ ಹದಿನೈದು ಇಪ್ಪತ್ತು ಡಿಗ್ರಿಯಿದ್ದರೆ, ಹೊತ್ತನ್ನು ನಿಜಕ್ಕೂ ಐದು ಹತ್ತು ನಿಮಿಷಕ್ಕೆ ಇಳಿಸಬೇಕು. ಕಾಲೆತ್ತಿ ಕಾಲೆತ್ತಿ ನಿಲ್ಲುವುದು, ನಡುಗುವುದು, ಮುಂದೆ ಹೋಗಲೊಲ್ಲದೆ ಮನೆಯ ಕಡೆ ಎಳೆಯುವುದು ಕಂಡರೆ ಹಿಂದಿರುಗಬೇಕು. ಕಿವಿಯ ತುದಿ, ಬಾಲದ ತುದಿ ಮೊದಲು ಹೆಪ್ಪುಗಟ್ಟುವ ಜಾಗಗಳು. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಅಂಗಾಲನ್ನು ಕೊರೆಯುತ್ತದೆ, ನೆಕ್ಕಿದರೆ ಹೊಟ್ಟೆ ಕೆಡುತ್ತದೆ. ಬಾಗಿಲಲ್ಲೇ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದಿನ ಹಿಮದ ಉಂಡೆ ಬಿಡಿಸಿ ಒರೆಸಬೇಕು. ಕಾರಿನಿಂದ ಸೋರುವ ಆಂಟಿಫ್ರೀಜ್ ಇನ್ನೂ ಘೋರ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಸ್ವಲ್ಪವೇ ನೆಕ್ಕಿದರೂ ಮೂತ್ರಪಿಂಡ ಹಾಳುಮಾಡಿ ಕೊಲ್ಲುತ್ತದೆ. ಇಷ್ಟೆಲ್ಲ ಇದ್ದರೂ ಸಲಗಳು ಮೂರಕ್ಕಿಂತ ಕೆಳಗೆ ಇಳಿಯಬಾರದು. ಉಳಿದ ಚೈತನ್ಯವನ್ನು ಮನೆಯೊಳಗೆ ತಿಂಡಿ ಬಚ್ಚಿಟ್ಟು ಹುಡುಕಿಸುವ ಆಟದಲ್ಲಿ ಖರ್ಚು ಮಾಡಿಸಬಹುದು. ಅಲ್ಲಿಯೂ ದುಡಿಯುವುದು ಮೂಗೇ.

ಕೊನೆಯ ಆಕ್ಷೇಪ ಪ್ರಾಮಾಣಿಕವಾದದ್ದು: ನಾಯಿಗೆ ಚಳಿಯಾಗದಿರಬಹುದು, ನಮಗಾಗುತ್ತದಲ್ಲ, ಅದಕ್ಕೇನು ಮಾಡೋಣ? ಇಂಗ್ಲೆಂಡಿನ ನಾರ್ಫಕ್ ಸೀಮೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಿರಿಯರ ಓಡಾಟವನ್ನು ಸೊಂಟಕ್ಕೆ ಕಟ್ಟಿದ ಯಂತ್ರದಿಂದ ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚಳಿ, ಮಳೆ, ಕತ್ತಲು ಹೆಚ್ಚಿದ ದಿನಗಳಲ್ಲಿ ಎಲ್ಲರ ಓಡಾಟವೂ ತಗ್ಗಿತ್ತು. ಆದರೆ ದಿನಾ ನಾಯಿ ನಡೆಸುವವರು ಅತಿ ಕೆಟ್ಟ ಹವೆಯ ದಿನದಲ್ಲಿ ಓಡಾಡಿದ್ದು, ನಾಯಿಯಿಲ್ಲದವರು ಬಿಸಿಲು ಬಿದ್ದ ಒಳ್ಳೆಯ ದಿನದಲ್ಲಿ ಓಡಾಡಿದ್ದಕ್ಕಿಂತ ಹೆಚ್ಚಾಗಿತ್ತು. ಮೊದಲೇ ಚುರುಕಾಗಿದ್ದವರು ನಾಯಿ ಸಾಕಿರಬಹುದಲ್ಲ ಎಂದು ವಾದಿಸಬಹುದು, ಆ ವಾದವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೂ ಹದಿನೈದು ಡಿಗ್ರಿಯ ಬೆಳಗಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಮತ್ತೆ ಹೊದ್ದು ಮಲಗುವ ಯಜಮಾನರಿಗೂ ಆ ನಡಿಗೆ ಬೇಕಾದದ್ದೇ.

ಅಂತೂ ಮಾಗಿಯ ವೇಳಾಪಟ್ಟಿ ಹೀಗಿರಬಹುದು. ಬೆಳಕು ಹರಿದ ಮೇಲೆ ಒಂದು ದೊಡ್ಡ ಸುತ್ತು, ಮಧ್ಯಾಹ್ನ ಸಾಧ್ಯವಿದ್ದವರಿಗೆ ಬಿಸಿಲಲ್ಲೊಂದು ಚಿಕ್ಕದು, ಸೂರ್ಯ ಮುಳುಗುವ ಮುನ್ನ ಇನ್ನೊಂದು ದೊಡ್ಡದು, ಮಲಗುವ ಮುಂಚೆ ಗೇಟಿನವರೆಗೆ. ಈ ಕ್ರಮ ಶಿವರಾತ್ರಿಯವರೆಗೆ ಮಾತ್ರ. ಆಮೇಲೆ ಬಿಸಿಲು ಬಲಿತು ಮಧ್ಯಾಹ್ನದ ಸುತ್ತು ನಿಲ್ಲಬೇಕಾಗುತ್ತದೆ. ಬೆಳಗಿನದು ಏಳರ ಒಳಗೆ ಮುಗಿಯಬೇಕು, ಸಂಜೆಯದು ಡಾಂಬರು ಆರುವವರೆಗೆ ಕಾಯಬೇಕು. ರಸ್ತೆಗೆ ಅಂಗೈಯ ಹಿಂಬದಿ ಒತ್ತಿ ಏಳು ಸೆಕೆಂಡ್ ಹಿಡಿಯಲಾಗದಿದ್ದರೆ ನಾಯಿಯನ್ನು ಅದರ ಮೇಲೆ ನಡೆಸಬಾರದು.